ಏಳನೇ ನಿಯಮ

ತಿರುಮಣಿ, ಪಾವಗಡ ತಾಲ್ಲೂಕು
28 ನವೆಂಬರ್ 2023

ಶ್ರೀ ಮತೀನ್ ಅವರಿಗೆ ನಮಸ್ಕಾರ.

ನನ್ನ ಹೆಸರು ತಿಪ್ಪೇಶ್. ನಿಮಗೆ ನನ್ನ ಪರಿಚಯವಿಲ್ಲ. ನಮ್ಮೂರ ಸುತ್ತಮುತ್ತ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋ ತೆಗೆಯುತ್ತೇನೆ. ಎಲ್ಲ ಡಿಜಿಟಲ್. ಮೊನ್ನೆ ಭಾನುವಾರ ಮಧುಗಿರಿಯಲ್ಲಿ ನಾಲ್ಕು ತಾಲ್ಲೂಕು ಛಾಯಾಚಿತ್ರ ಬಳಗದ ಸ್ಪರ್ಧೆಯಲ್ಲಿ ನಿಮ್ಮ ಫಿಲಂ ಚಿತ್ರಕ್ಕೆ ಮೊದಲ ಬಹುಮಾನ ಕೊಟ್ಟಾಗ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಚಿತ್ರ ಚೆನ್ನಾಗಿದೆ. ಕಡಲೆಕಾಯಿ ಮಂಡಿಯ ಧೂಳಿನಲ್ಲಿ ಮೊರ ಹಿಡಿದ ಆ ಮೂವರು ಹೆಂಗಸರ ಮುಖ ನನಗೆ ಇನ್ನೂ ಕಣ್ಣಲ್ಲಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಬಹುಮಾನ ತಗೊಂಡ ಮೇಲೆ ಆ ಚಿತ್ರ ಮಾಡಿದ್ದು ಹೇಗೆ ಅಂತ ನೀವು ವೇದಿಕೆಯಲ್ಲಿ ತೋರಿಸಿದಿರಿ. ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆ ಹಿಡಿದು, ಡಾರ್ಕ್‌ರೂಮಿನಲ್ಲಿ ಮುಖದ ಮೇಲೆ ಬೀಳುವ ಬೆಳಕನ್ನು ಹದಿನೈದು ಸೆಕೆಂಡು ತಡೆದೆ, ಅದಕ್ಕೇ ಪ್ರಿಂಟಿನಲ್ಲಿ ಮುಖ ತಿಳಿಯಾಗಿ ಬಂತು, ಇಲ್ಲದಿದ್ದರೆ ಕಪ್ಪಾಗಿರುತ್ತಿತ್ತು ಅಂದಿರಿ. ಜನ ಚಪ್ಪಾಳೆ ಹೊಡೆದರು.

ಸಾರ್, ನಾನು ಮಾಡಿದ್ದೂ ಅದನ್ನೇ. ನಮ್ಮವ್ವ ಸೋಲಾರ್ ಫಲಕಗಳ ನಡುವೆ ನಿಂತಿರುವ ಚಿತ್ರ ಕಳಿಸಿದ್ದೆ. ಮುಖ ನೆರಳಲ್ಲಿತ್ತು, ಕಂಪ್ಯೂಟರಿನಲ್ಲಿ ಸ್ವಲ್ಪ ಬೆಳಗಿಸಿದೆ. ಅರ್ಜಿಯಲ್ಲಿ 'ತಿದ್ದುಪಡಿ' ಅಂತ ಒಂದು ಕಾಲಮ್ಮಿತ್ತು, ಅಲ್ಲಿ ಅದನ್ನು ಬರೆದೆ. ಬರೆದಿದ್ದಕ್ಕೇ ಏಳನೇ ನಿಯಮದ ಪ್ರಕಾರ ನನ್ನ ಚಿತ್ರ ಅನರ್ಹ ಆಯಿತು. 'ಡಿಜಿಟಲ್ ಚಿತ್ರಗಳಲ್ಲಿ ಬೆಳಕು, ನೆರಳು ತಿದ್ದುವಂತಿಲ್ಲ. ಫಿಲಂ ಚಿತ್ರಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.' ಫಿಲಂನವರ ಅರ್ಜಿಯಲ್ಲಿ ಆ ಕಾಲಮ್ಮೇ ಇಲ್ಲವಂತೆ.

ಅವತ್ತು ಹಿಂದಿನಿಂದ ಎರಡು ಸಲ ಜೋರಾಗಿ ಕೇಳಿದೆ, ಎರಡೂ ಒಂದೇ ಅಲ್ಲವಾ ಸಾರ್ ಅಂತ. ನೀವು ನನ್ನ ಕಡೆ ನೋಡಿ ನಕ್ಕು ಮಾತು ಮುಂದುವರಿಸಿದಿರಿ. ಕಾರ್ಯದರ್ಶಿ ನಂದೀಶ್ವರಯ್ಯನವರ ಹತ್ತಿರ ನಿಮ್ಮ ಫೋನ್ ನಂಬರ್ ಕೇಳಿದರೆ, ಸಾಹೇಬರು ಫೋನಿಗೆ ಸಿಗಲ್ಲ, ಕಾಗದ ಬರೀರಿ ಅಂದರು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಎರಡೂ ಕೆಲಸ ಒಂದೇ ಅಂತ ಬಳಗಕ್ಕೆ ನೀವು ಒಂದು ಸಾಲು ಬರೆದುಕೊಡಿ. ದೊಡ್ಡವರು ನೀವು ಹೇಳಿದರೆ ಕೇಳುತ್ತಾರೆ.

ಇಂತಿ,
ತಿಪ್ಪೇಶ್


ಮಸೀದಿ ಬೀದಿ, ಶಿರಾ
6 ಡಿಸೆಂಬರ್ 2023

ಶ್ರೀ ತಿಪ್ಪೇಶ್ ಅವರಿಗೆ,

ನಿಮ್ಮ ಪತ್ರ ತಲುಪಿತು.

ಎರಡೂ ಕೆಲಸ ಒಂದೇ ಎಂದು ನಾನು ಬರೆದುಕೊಡಲಾರೆ, ಏಕೆಂದರೆ ಅವು ಒಂದೇ ಅಲ್ಲ. ನೀವು ಒಂದು ಗುಂಡಿ ಒತ್ತುತ್ತೀರಿ. ಸರಿಬರದಿದ್ದರೆ ಇನ್ನೊಂದು ಒತ್ತಿ ಮೊದಲಿನ ಹಾಗೆ ಮಾಡುತ್ತೀರಿ. ನಾನು ಕೆಂಪು ದೀಪದಡಿ ನಿಂತು ಕೈ ಆಡಿಸುತ್ತೇನೆ. ಕೈ ಒಂದು ಸೆಕೆಂಡು ತಪ್ಪಿದರೆ ಕಾಗದ ಕಸಕ್ಕೆ. ಆ ಮಂಡಿಯ ಚಿತ್ರಕ್ಕೆ ಹನ್ನೊಂದು ಕಾಗದ ಹಾಳಾದವು, ಹನ್ನೆರಡನೆಯದು ಬಹುಮಾನಕ್ಕೆ ಹೋಯಿತು. ಈ ಕೈಗೆ ನಲವತ್ತೊಂದು ವರ್ಷದ ಅಭ್ಯಾಸವಿದೆ.

ನಿಯಮಗಳು ಅರ್ಜಿಯ ಹಿಂಬದಿಯಲ್ಲೇ ಅಚ್ಚಾಗಿದ್ದವು. ಓದಿ ಒಪ್ಪಿದ್ದೇನೆ ಎಂದು ನೀವು ಸಹಿ ಹಾಕಿದ್ದೀರಿ. ಸೋತ ಮೇಲೆ ನಿಯಮ ಸರಿಯಿಲ್ಲ ಎನ್ನುವುದು ಸುಲಭ. ನಿಯಮ ಸಮಿತಿಯದು, ಅದರ ಬಗ್ಗೆ ಸಮಿತಿಯನ್ನೇ ಕೇಳಿ.

ನಿಮಗಿನ್ನೂ ವಯಸ್ಸಿದೆ. ಬರುವ ವರ್ಷ ಬಹುಮಾನ ಬರಬಹುದು.

ಮತೀನ್


ತಿರುಮಣಿ
11 ಡಿಸೆಂಬರ್ 2023

ಮತೀನ್ ಅವರೇ,

ಬಹುಮಾನಕ್ಕಾಗಿ ಅಳುತ್ತಿದ್ದೇನೆ ಅಂತ ತಿಳಿದುಕೊಂಡಿದ್ದೀರಿ. ಇರಲಿ.

ಒಂದು ಮಾತು ಕೇಳ್ತೀನಿ. ಕಷ್ಟಪಟ್ಟು ತಿದ್ದಿದರೆ ಸರಿ, ಸುಲಭವಾಗಿ ತಿದ್ದಿದರೆ ತಪ್ಪು ಅಂತ ಯಾವ ನ್ಯಾಯದಲ್ಲಿದೆ? ನಿಮ್ಮ ಹನ್ನೊಂದು ಕಾಗದ ನೋಡುವವರಿಗೆ ಕಾಣುತ್ತಾ? ಅವರಿಗೆ ಕಾಣುವುದು ಮುಖ. ನಿಮ್ಮ ಆ ಹೆಂಗಸರ ಮುಖವೂ ಕಪ್ಪಗಿತ್ತು, ನಮ್ಮವ್ವನ ಮುಖವೂ ಕಪ್ಪಗಿತ್ತು. ಇಬ್ಬರೂ ಬೆಳಗಿಸಿದೆವು. ನಾನು ಹೇಳಿ ಹೊರಗೆ ಬಿದ್ದೆ. ನಿಮ್ಮನ್ನು ಯಾರೂ ಕೇಳಲೇ ಇಲ್ಲ.

ಧೈರ್ಯವಿದ್ದರೆ ಆ ನೆಗೆಟಿವ್‌ನಿಂದ ಬಿಲ್ಲೆ ಗಿಲ್ಲೆ ಏನೂ ಹಿಡಿಯದೆ ಒಂದು ಪ್ರಿಂಟ್ ಹಾಕಿ ಕಳಿಸಿ. ಎಷ್ಟು ಕಪ್ಪಗಿತ್ತು ನಾನೂ ನೋಡ್ತೀನಿ.

ಈ ತಿಂಗಳ ಮೂವತ್ತೊಂದರೊಳಗೆ ಬಳಗಕ್ಕೆ ಆಕ್ಷೇಪಣೆ ಕೊಡಬೇಕು. ಅಷ್ಟರಲ್ಲಿ ನಿಮ್ಮ ಉತ್ತರ ಬರದಿದ್ದರೆ ನಮ್ಮ ನಾಲ್ಕು ತಾಲ್ಲೂಕಿನ ಫೋಟೋಗ್ರಾಫರ್‌ಗಳ ವಾಟ್ಸಾಪ್ ಗ್ರೂಪಿನಲ್ಲೇ ಕೇಳುತ್ತೇನೆ. ಅಲ್ಲಿ ಇನ್ನೂರ ಎಪ್ಪತ್ತು ಜನ ಇದ್ದಾರೆ.

ತಿಪ್ಪೇಶ್


ಮಸೀದಿ ಬೀದಿ, ಶಿರಾ
19 ಡಿಸೆಂಬರ್ 2023

ತಿಪ್ಪೇಶ್ ಅವರಿಗೆ,

ನಿಮ್ಮ ಪತ್ರವನ್ನು ನನ್ನ ಮಗಳು ಉಮ್ಮೆ ಹಾನಿಗೆ ತೋರಿಸಿದೆ. ಅವಳು ಮೇಷ್ಟ್ರು ಕೆಲಸದಲ್ಲಿರುವವಳು, ಖಡಕ್ಕು. "ಅಬ್ಬಾಜಾನ್, ಅವರು ಕೇಳಿದ್ದರಲ್ಲಿ ತಪ್ಪೇನಿದೆ?" ಎಂದು ಬರೆದು ತೋರಿಸಿದಳು. ಬರೆದು ಎಂದೆ ನೋಡಿ. ನನಗೆ ನಾಲ್ಕು ವರ್ಷದಿಂದ ಎರಡೂ ಕಿವಿ ಕೇಳಿಸುವುದಿಲ್ಲ. ಅದಕ್ಕೇ ಫೋನಿಲ್ಲ. ಮಧುಗಿರಿಯಲ್ಲಿ ನೀವು ಹಿಂದಿನಿಂದ ಕೂಗಿದ್ದು ನನಗೆ ಗೊತ್ತಾಗಲಿಲ್ಲ. ಯಾರೋ ಕೈಯೆತ್ತಿದ್ದು ಕಂಡಿತು, ಹೊಗಳುತ್ತಿದ್ದಾರೆಂದು ನಕ್ಕೆ. ಅದಕ್ಕೆ ನನ್ನ ಮಾಫಿ ಇರಲಿ.

ಬಿಲ್ಲೆ ಹಿಡಿಯದ ಪ್ರಿಂಟ್ ಕಳಿಸುವುದಿಲ್ಲ. ಆದರೆ ನೀವು ಇಲ್ಲಿಗೆ ಬಂದರೆ ನಿಮ್ಮೆದುರೇ ಹಾಕಿ ತೋರಿಸುತ್ತೇನೆ. ಶುಕ್ರವಾರ ಬಿಟ್ಟು ಯಾವ ದಿನವಾದರೂ ಬನ್ನಿ. ಊಟ ನಮ್ಮಲ್ಲೇ.

ಏಳನೇ ನಿಯಮದ ವಿಚಾರವಾಗಿ ನಿಮಗೆ ಹೇಳಬೇಕಾದ ಒಂದು ಮಾತಿದೆ. ಕಾಗದದಲ್ಲಿ ಬರೆಯಲು ಮನಸ್ಸಾಗುತ್ತಿಲ್ಲ. ಬಂದಾಗ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ತಾಳ್ಮೆಯಿರಲಿ.

ಮತೀನ್


ತಿರುಮಣಿ
22 ಡಿಸೆಂಬರ್ 2023

ಮತೀನ್ ಅವರೇ,

ಹನ್ನೊಂದು ದಿನ ಕಾದೆ. ಉತ್ತರ ಕೊಡುವಷ್ಟು ಯೋಗ್ಯತೆಯೂ ನನಗಿಲ್ಲ ಅಂತ ಅರ್ಥವಾಯಿತು.

ನಿನ್ನೆ ಆಕ್ಷೇಪಣೆ ಕೊಡಲು ಮಧುಗಿರಿಗೆ ಹೋಗಿದ್ದೆ. ಬಳಗದ ಅಧ್ಯಕ್ಷರು ಕಾಡಸಿದ್ದಪ್ಪನವರು, ಸದಸ್ಯರು ಯಾರು ಬೇಕಾದರೂ ನೋಡಬಹುದು ಅಂತ ನಡಾವಳಿ ಪುಸ್ತಕ ಮುಂದಿಟ್ಟರು. ಜೂನ್ ಹದಿನೆಂಟರ ಸಭೆ. 'ಏಳನೇ ನಿಯಮ: ಸಲಹೆ ಮತ್ತು ಕರಡು, ಶ್ರೀ ಮತೀನ್, ಶಿರಾ.' ಮೂರು ಸಲ ಓದಿದೆ. ನಿಯಮ ಸಮಿತಿಯದು, ಅವರನ್ನೇ ಕೇಳಿ ಅಂತ ನನಗೆ ಬರೆದಿರಲ್ಲ, ಆ ಸಮಿತಿಯೇ ನೀವು! ನಿಯಮ ಬರೆದವರೂ ನೀವೇ, ಅದರಿಂದ ಗೆದ್ದವರೂ ನೀವೇ.

ಆ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದೇನೆ.

ಇಷ್ಟು ದಿನ ಹೇಳದ ಒಂದು ವಿಷಯ ಈಗ ಹೇಳ್ತೀನಿ. ಮಧುಗಿರಿಯಲ್ಲಿ ಬಹುಮಾನ ಕೊಟ್ಟ ದಿನವೇ ಚಿತ್ರಗಳ ಪ್ರದರ್ಶನವೂ ಇತ್ತಲ್ಲ, ಅವತ್ತು ನಾನೊಬ್ಬನೇ ಬಂದಿರಲಿಲ್ಲ. ನಮ್ಮವ್ವ ಪಟಾಲಮ್ಮ ಜೊತೆಗಿದ್ದಳು. ಗೋಡೆ ಮೇಲೆ ತನ್ನ ಫೋಟೋ ನೋಡಬೇಕು ಅಂತ ಬೆಳಿಗ್ಗೆ ಆರಕ್ಕೇ ಎದ್ದು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಅನರ್ಹ ಆಗಿರುವುದು ನನಗೆ ಅಲ್ಲಿಗೆ ಹೋಗುವವರೆಗೂ ಗೊತ್ತಿರಲಿಲ್ಲ. ಅವ್ವ ನಾಲ್ಕೂ ಗೋಡೆ ಸುತ್ತಿದಳು. "ಎಲ್ಲಿದ್ದೀನ್ಲಾ ನಾನು?" ಅಂತ ಕೇಳಿದಳು. ಕೊನೆಗೆ ನಿಮ್ಮ ಚಿತ್ರದ ಮುಂದೆ ನಿಂತುಬಿಟ್ಟಳು. "ಇವರ ಮಖ ಎಷ್ಟು ಚೆನ್ನಾಗಿ ಕಾಣ್ತವೆ ನೋಡ್ಲಾ" ಅಂದಳು.

ನಿಮಗೆ ಇದು ಬಹುಮಾನದ ವಿಷಯ. ನನಗೆ ಅಲ್ಲ.

ತಿಪ್ಪೇಶ್


ತಿರುಮಣಿ
26 ಡಿಸೆಂಬರ್ 2023

ಸಾಹೇಬರೇ,

ನೀವು ಹತ್ತೊಂಬತ್ತರಂದು ಬರೆದ ಕಾಗದ ಇವತ್ತು ಮಧ್ಯಾಹ್ನ ಬಂತು. ಏಳು ದಿನ ಎಲ್ಲಿ ಸುತ್ತಿತೋ ಗೊತ್ತಿಲ್ಲ.

ಕಿವಿಯ ವಿಷಯ ನನಗೆ ಗೊತ್ತಿರಲಿಲ್ಲ. ಗ್ರೂಪಿನಿಂದ ಆ ಫೋಟೋ ತೆಗೆದುಹಾಕಿದೆ. ಆದರೆ ಆಗಲೇ ಬೇರೆ ಬೇರೆ ಗ್ರೂಪಿಗೆ ಹೋಗಿಬಿಟ್ಟಿದೆ. ಕೆಲವರು ಬರೆದಿರುವ ಮಾತುಗಳು ನನ್ನವಲ್ಲ. ನಿಮ್ಮ ಮಗಳು ಓದದಿದ್ದರೆ ಒಳ್ಳೆಯದು.

ನಿಯಮ ನೀವು ಬರೆದದ್ದು ನಿಜ, ಅದರ ಬಗ್ಗೆ ನನ್ನ ಮಾತು ವಾಪಸ್ ತಗೊಳ್ಳಲ್ಲ. ಆದರೆ ಮೂವತ್ತೊಂದರವರೆಗೆ ಅಂದವನು ಇನ್ನು ನಾಲ್ಕು ದಿನವಾದರೂ ಕಾಯಬೇಕಿತ್ತು. ತಪ್ಪಾಯಿತು.

ತಿಪ್ಪೇಶ್


ಮಸೀದಿ ಬೀದಿ, ಶಿರಾ
25 ಜನವರಿ 2024

ತಿಪ್ಪೇಶ್ ಅವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿರಲಿಲ್ಲ. ನನ್ನ ಮಗಳು ಹಾನಿ ಎಲ್ಲವನ್ನೂ ಓದಿದಳು. ನನಗೆ ತೋರಿಸಬಾರದೆಂದು ಫೋನ್ ಬಚ್ಚಿಟ್ಟಳು, ಆದರೆ ಅವಳ ಮುಖ ಬಚ್ಚಿಡಲಾಗಲಿಲ್ಲ. ಮೂವತ್ತು ವರ್ಷದಿಂದ ಒಂದು ಶಾಲೆಯ ಏಳನೇ ತರಗತಿಯ ಗ್ರೂಪ್ ಫೋಟೋ ನಾನೇ ತೆಗೆಯುತ್ತಿದ್ದೆ. ಈ ಸಲ ಬೇರೆಯವರನ್ನು ಕರೆದರು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಂದಾಗ ಹೇಳುತ್ತೇನೆ ಎಂದಿದ್ದ ಮಾತು ನಿಮಗೆ ಆಗಲೇ ತಿಳಿದುಹೋಗಿದೆ. ಆದರೂ ನನ್ನ ಕೈಯಿಂದ ಬರೆಯುತ್ತೇನೆ.

ಜೂನ್ ಸಭೆಯಲ್ಲಿ ಕೊರಟಗೆರೆಯ ನವೀನ್ ಕುಮಾರ್ ಎಂಬ ಹುಡುಗ, ಫಿಲಂ ಚಿತ್ರಗಳನ್ನು ತೆಗೆದುಕೊಳ್ಳುವುದೇ ಬೇಡ, ಅದನ್ನೆಲ್ಲ ಮ್ಯೂಸಿಯಂಗೆ ಕೊಡಲಿ ಎಂದನಂತೆ. ನನಗೆ ಕೇಳಿಸಲಿಲ್ಲ. ಎಲ್ಲರೂ ನನ್ನ ಕಡೆ ನೋಡಿ ನಕ್ಕದ್ದು ಕಾಣಿಸಿತು. ನಂದೀಶ್ವರಯ್ಯ ಚೀಟಿಯಲ್ಲಿ ಬರೆದು ತೋರಿಸಿದರು. ಪೆನ್ನು ಕೇಳಿ ತೆಗೆದುಕೊಂಡು ಅಲ್ಲೇ ಏಳನೇ ನಿಯಮ ಬರೆದೆ. ಡಿಜಿಟಲ್‌ನವರಿಗೆ ಒಂದು, ನಮಗೆ ಒಂದು. ಸಿಟ್ಟಿನಲ್ಲಿ ಬರೆದದ್ದು. ನಕ್ಕವರಿಗೆ ನಾಚಿಕೆಯಾಗಿ ಯಾರೂ ಬೇಡವೆನ್ನಲಿಲ್ಲ. ಆಗಸ್ಟಿನಲ್ಲಿ ಸಮಿತಿಗೆ ರಾಜೀನಾಮೆ ಕೊಟ್ಟು ಅಕ್ಟೋಬರಿನಲ್ಲಿ ಚಿತ್ರ ಕಳಿಸಿದೆ. ರಾಜೀನಾಮೆ ಕೊಟ್ಟ ಮೇಲೆ ಕೈ ತೊಳೆದುಕೊಂಡ ಹಾಗೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಇನ್ಸಾಫ್ ಅಲ್ಲ, ನ್ಯಾಯವಲ್ಲವೆಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ನಿಮ್ಮ ಮೊದಲ ಪತ್ರಕ್ಕೆ ಅಷ್ಟು ಬಿರುಸಾಗಿ ಉತ್ತರ ಬರೆದೆ.

ನಿಮ್ಮ ತಾಯಿಯವರು ನನ್ನ ಚಿತ್ರದ ಮುಂದೆ ನಿಂತರೆಂದು ಓದಿದ ದಿನ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ.

ನೀವು ಕೇಳಿದ ಪ್ರಿಂಟ್ ಇದರ ಜೊತೆಗಿದೆ. ಬಿಲ್ಲೆ ಹಿಡಿದಿಲ್ಲ. ಮೂವರ ಮುಖವೂ ಇದ್ದಿಲಿನಂತಿದೆ, ನೋಡಿ.

ಬಹುಮಾನದ ಫಲಕ, ಶಾಲು ಎರಡನ್ನೂ ಮಧುಗಿರಿಗೆ ಹೋಗಿ ವಾಪಸು ಕೊಟ್ಟೆ. ಎರಡೂ ಬಗೆಯವರಿಗೆ ಒಂದೇ ನಿಯಮವಿರಬೇಕೆಂದು ಬರೆದುಕೊಟ್ಟೆ. ಬೆಳಕು ತಿದ್ದಬಹುದು, ಆದರೆ ಚಿತ್ರದಿಂದ ಏನನ್ನೂ ತೆಗೆಯಬಾರದು, ಏನನ್ನೂ ಸೇರಿಸಬಾರದು. ಎರಡು ಗಂಟೆ ವಾದವಾಯಿತು, ಹಾನಿ ನನ್ನ ಕಿವಿಯಾದಳು. ಈ ಸಲದ ಫಲಿತಾಂಶ ಬದಲಾಯಿಸಲು ಅವರು ಒಪ್ಪಲಿಲ್ಲ. ಆದರೆ ಫೆಬ್ರವರಿ ಇಪ್ಪತ್ತೈದರ ಭಾನುವಾರ ಕೊರಟಗೆರೆಯಲ್ಲಿ ಪ್ರದರ್ಶನ ಮತ್ತೆ ಇದೆ. ನಿಮ್ಮ ತಾಯಿಯ ಚಿತ್ರವನ್ನು ಅಲ್ಲಿ ಹಾಕಲು ಒಪ್ಪಿದ್ದಾರೆ. ಒಂದೇ ಷರತ್ತು, ತಿದ್ದದ ಮೂಲ ಫೈಲನ್ನೂ ಕೊಡಬೇಕು. ನಂದೀಶ್ವರಯ್ಯನವರಿಗೆ ಕೂಡಲೇ ಕಳಿಸಿ.

ತಾಯಿಯವರಿಗೆ ನನ್ನ ಸಲಾಮ್ ತಿಳಿಸಿ.

ಮತೀನ್


ತಿರುಮಣಿ
5 ಫೆಬ್ರವರಿ 2024

ಸಾಹೇಬರೇ,

ಕಾಗದ ಮತ್ತು ಪ್ರಿಂಟ್ ಬಂತು. ನೀವು ಬಹುಮಾನ ವಾಪಸು ಕೊಡುವುದು ಬೇಕಿರಲಿಲ್ಲ. ನಾನು ಅಷ್ಟು ಕೇಳಿರಲಿಲ್ಲ.

ಕೊರಟಗೆರೆಗೆ ಚಿತ್ರ ಕಳಿಸುವುದು ಬೇಡ ಅಂತ ಅಂದುಕೊಂಡಿದ್ದೇನೆ. ಮದುವೆ ಸೀಸನ್ ಬೇರೆ. ಅವ್ವನಿಗೂ ಈಗ ಅಷ್ಟು ಆಸೆಯಿಲ್ಲ. ಈ ವಿಷಯ ಇಲ್ಲಿಗೇ ಬಿಟ್ಟುಬಿಡೋಣ. ನಿಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ತಿಪ್ಪೇಶ್


ಮಸೀದಿ ಬೀದಿ, ಶಿರಾ
10 ಫೆಬ್ರವರಿ 2024

ತಿಪ್ಪೇಶ್ ಅವರೇ,

ನಿಮಗೆ ಸಿಟ್ಟಿಲ್ಲದಿರಬಹುದು. ನನಗಿದೆ.

ನ್ಯಾಯ ಬೇಕೆಂದು ಇನ್ನೂರ ಎಪ್ಪತ್ತು ಜನರೆದುರು ನನ್ನನ್ನು ನಿಲ್ಲಿಸಿದಿರಿ. ನಿಲ್ಲಬೇಕಾದ ತಪ್ಪು ನನ್ನದು, ನಿಂತೆ. ಈ ವಯಸ್ಸಿನಲ್ಲಿ ಬಳಗದ ಮೆಟ್ಟಿಲು ಹತ್ತಿ, ಕೇಳಿಸದ ಸಭೆಯಲ್ಲಿ ಕೂತು, ನಿಮ್ಮ ಪರವಾಗಿ ವಾದ ಮಾಡಿದೆ. ಈಗ ಮದುವೆ ಸೀಸನ್ ಎನ್ನುತ್ತೀರಿ. ತುರುಕನ ಶಿಫಾರಸಿನಿಂದ ಗೋಡೆ ಹತ್ತುವುದು ಬೇಡವೆಂದು ನಿಮ್ಮ ಕಡೆಯವರು ಯಾರಾದರೂ ಹೇಳಿದರೇ? ಹಾಗಿದ್ದರೆ ಅದನ್ನೇ ಬರೆಯಿರಿ. ಅಥವಾ ನನ್ನನ್ನು ಕೆಳಗಿಳಿಸುವುದಷ್ಟೇ ನಿಮಗೆ ಬೇಕಾಗಿತ್ತೇ?

ಕಾರಣ ತಿಳಿಯುವ ಹಕ್ಕು ನನಗಿದೆ.

ಮತೀನ್


ತಿರುಮಣಿ
15 ಫೆಬ್ರವರಿ 2024

ಸಾಹೇಬರೇ,

ಅಲ್ಲಾ ಸಾಹೇಬರೇ, ಎಂಥಾ ಮಾತು ಬರೆದಿರಿ. ಅಂಥದ್ದು ಯಾರೂ ಹೇಳಿಲ್ಲ, ನನ್ನ ಮನಸ್ಸಿನಲ್ಲೂ ಬಂದಿಲ್ಲ. ನಿಮಗೆ ಹಾಗನ್ನಿಸುವಂತೆ ಮಾಡಿದ್ದಕ್ಕೆ ರಾತ್ರಿ ಊಟ ಸೇರಲಿಲ್ಲ. ನಿಜ ಬರೆದುಬಿಡ್ತೀನಿ.

ನನ್ನ ಮೂಲ ಫೈಲು ತೋರಿಸುವ ಹಾಗಿಲ್ಲ. ನಾನು ಮುಖವನ್ನಷ್ಟೇ ತಿದ್ದಿರಲಿಲ್ಲ.

ನಮ್ಮ ಎಂಟೆಕರೆ ಹೊಲ ಆರು ವರ್ಷದ ಹಿಂದೆ ಸೋಲಾರಿಗೆ ಗುತ್ತಿಗೆ ಹೋಗಿದೆ. ಅವ್ವ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ. ನಿಲ್ಲುವುದು ತಂತಿಬೇಲಿಯ ಹೊರಗೆ, ರಸ್ತೆ ಕಡೆ. ಒಂದಿನ ನಾನೂ ರಸ್ತೆ ಕಡೆ ನಿಂತೇ ಫೋಟೋ ತೆಗೆದೆ, ಅವಳ ಹಿಂದೆ ಬೇಲಿ, ಬೇಲಿಯಾಚೆ ಫಲಕಗಳು. ಅವಳ ಮೈಮೇಲೆ ಅಡ್ಡಡ್ಡ ಐದು ಎಳೆ ತಂತಿಯ ನೆರಳು, ಪಕ್ಕದಲ್ಲಿ ಕಂಬ, ಕಂಬಕ್ಕೆ ನಂಬರ್ ಬರೆದ ತಗಡು. ಕಂಪ್ಯೂಟರಿನಲ್ಲಿ ಕೂತು ತಂತಿ, ಕಂಬ, ನೆರಳು ಎಲ್ಲ ಅಳಿಸಿದೆ. ಎರಡು ದಿನ ಹಿಡಿಯಿತು. ಅಳಿಸಿದ ಮೇಲೆ ಅವ್ವ ತನ್ನ ಹೊಲದೊಳಗೇ ನಿಂತ ಹಾಗೆ ಕಂಡಳು. ಅರ್ಜಿಯಲ್ಲಿ ಮುಖದ ಬೆಳಕು ಅಂತ ಬರೆದೆ, ಬೇಲಿ ಅಂತ ಬರೆಯಲಿಲ್ಲ. ಅವರು ಅಷ್ಟಕ್ಕೇ ಹೊರಗೆ ಹಾಕಿದರು, ಮುಂದಕ್ಕೆ ನೋಡಲೇ ಇಲ್ಲ. ನನಗೆ ಸಿಟ್ಟು ಬಂತು. ಹೇಳಿದ ಅರ್ಧ ಸತ್ಯಕ್ಕೆ ಶಿಕ್ಷೆ ಅಂತ ಸಿಟ್ಟು. ಆ ಸಿಟ್ಟಿನಲ್ಲಿ ಇನ್ನರ್ಧ ಮರೆತೇಬಿಟ್ಟೆ. ನಿಮಗೆ ಬರೆದ ಒಂದೊಂದು ಕಾಗದದಲ್ಲೂ ನಾನೇ ಪ್ರಾಮಾಣಿಕ ಅಂತ ನಂಬಿಕೊಂಡೇ ಬರೆದೆ.

ನಿಮ್ಮ ಕಾಗದ ಬಂದ ಮೇಲೆ ಪಾವಗಡಕ್ಕೆ ಹೋಗಿ ಮೂಲದ್ದು, ಅಳಿಸಿದ್ದು ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದೆ. ಅವ್ವ ಅದುವರೆಗೆ ಫೋನಿನಲ್ಲಷ್ಟೇ ನೋಡಿದ್ದಳು, ಅವಳ ಕಣ್ಣಿಗೆ ಏನೂ ಗೊತ್ತಾಗಿರಲಿಲ್ಲ. ಎರಡೂ ಮುಂದಿಟ್ಟುಕೊಂಡು ಕೂತಳು.

"ಬೇಲಿ ಏನಾಯಿತ್ಲಾ ಇದ್ರಾಗೆ?" ಅಂದಳು.

"ನಾನೇ ತೆಗೆದೆ ಕಣವ್ವ. ನೀನು ಹೊಲದಾಗೆ ನಿಂತಂಗೆ ಕಾಣ್ಲಿ ಅಂತ."

ಬೇಲಿಯಿದ್ದ ಪ್ರಿಂಟನ್ನು ಕೈಗೆತ್ತಿಕೊಂಡು ಕೇಳಿದಳು, "ಹೊಲ ಕೊಡಬ್ಯಾಡ ಅಂತ ಆವತ್ತು ಜಗಳ ಆಡ್ದೋನು ನೀನಲ್ವೇನ್ಲಾ?"

"ಹೂಂ."

"ಕೊಡ್ತೀನಿ ಅಂದೋಳು ಯಾರು?"

"ನೀನೇ."

"ಹೆಬ್ಬೆಟ್ಟು ಒತ್ತಿದೋಳು ನಾನು. ನಿಮ್ಮಪ್ಪ ಸತ್ಮೇಲೆ ಯೋಚನೆ ಮಾಡಿ, ನಿನ್ನ ತಂಗಿ ಓದ್ಬೇಕು ಅಂತ ಒತ್ದೆ. ಆ ಬೇಲಿ ಬಂದಿದ್ದೇ ನನ್ನ ಬೆಟ್ಟಿನಿಂದ. ಅದನ್ನ ಅಳಿಸಾಕೆ ನೀನ್ಯಾವನ್ಲಾ? ನಾನೇನು ದಿನಾ ಅಳಾಕೆ ಹೋಗ್ತೀನಿ ಅಂದ್ಕೊಂಡಿದ್ದೀಯಾ? ನಾ ಮಾಡಿದ್ದು ನಾ ನೋಡಾಕೆ ಹೋಗ್ತೀನಿ."

ಅಂದು ಎದ್ದುಹೋದಳು. ಆರು ವರ್ಷದಿಂದ ನಾನು ಅವಳ ಮೇಲೆ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟನ್ನು ಆ ಫೋಟೋದಲ್ಲಿ ತೀರಿಸಿಕೊಂಡಿದ್ದೆ ಅಂತ ಆಗ ಗೊತ್ತಾಯಿತು.

ನೀವು ಮಾಡಿದ್ದು ಬೆಳಕು ತಡೆದದ್ದು. ನಾನು ಮಾಡಿದ್ದು ಸುಳ್ಳು. ನೀವು ಬರೆದುಕೊಟ್ಟ ಹೊಸ ನಿಯಮದಲ್ಲೂ ನಾನು ಅನರ್ಹನೇ. ನನ್ನಂಥವನಿಗಾಗಿ ನೀವು ಮರ್ಯಾದೆ ಕಳೆದುಕೊಂಡಿರಿ. ಏನು ಬೇಕಾದರೂ ಅನ್ನಿ.

ತಿಪ್ಪೇಶ್


ಮಸೀದಿ ಬೀದಿ, ಶಿರಾ
19 ಫೆಬ್ರವರಿ 2024

ತಿಪ್ಪೇಶ,

ಕಾಗದ ಓದಿ ಹರಿದುಹಾಕಬೇಕೆನ್ನಿಸಿತು. ಹರಿಯಲಿಲ್ಲ.

ಕೊರಟಗೆರೆಗೆ ಬಾ. ನನಗೆ ಹೇಳಿದ್ದನ್ನು ಎಲ್ಲರೆದುರು ಹೇಳು. ನೀನು ಹೇಳದಿದ್ದರೆ ನಾನಾಗಿ ಯಾರಿಗೂ ಹೇಳುವುದಿಲ್ಲ, ಹಾನಿಗೂ ಹೇಳಿಲ್ಲ. ಆದರೆ ಆಮೇಲೆ ನನಗೆ ಕಾಗದ ಬರೆಯಬೇಡ.

ಮತೀನ್


ಮಸೀದಿ ಬೀದಿ, ಶಿರಾ
28 ಫೆಬ್ರವರಿ 2024

ತಿಪ್ಪೇಶ,

ನೀನು ಬರುವುದಿಲ್ಲವೆಂದು ಹಾನಿ, ಬರುತ್ತೀಯೆಂದು ನಾನು. ಹನ್ನೊಂದೂವರೆಯಾದರೂ ನಿನ್ನ ಸುಳಿವಿರಲಿಲ್ಲ. ಅವಳೇ ಗೆದ್ದಳೆಂದುಕೊಂಡೆ. ಆಮೇಲೆ ಬಾಗಿಲಲ್ಲಿ ಬಗಲಿಗೆ ಎರಡು ಚೌಕಟ್ಟು ಸಿಕ್ಕಿಸಿಕೊಂಡವನೊಬ್ಬ ಕಂಡ. ನೀನೇ ಇರಬೇಕೆಂದು ಗೊತ್ತಾಯಿತು.

ನೀನು ಮೈಕಿನ ಮುಂದೆ ಹೇಳಿದ್ದು ನನಗೆ ಒಂದಕ್ಷರ ಕೇಳಿಸಲಿಲ್ಲ. ಹಾನಿ ಚೀಟಿಯಲ್ಲಿ ಬರೆದುಕೊಡಲು ಬಂದಳು, ಬೇಡವೆಂದೆ. ನಾನು ಜನರನ್ನು ನೋಡುತ್ತಿದ್ದೆ. ಮುಂದಿನ ಸಾಲಿನವರ ಕುತ್ತಿಗೆ ಒಮ್ಮೆಲೇ ನೆಟ್ಟಗಾಯಿತು. ಇಬ್ಬರು ಎದ್ದು ಹೊರಗೆ ಹೋದರು. ನವೀನ್ ಕುಮಾರ್ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ. ಆ ನಗು ನನಗೆ ಪರಿಚಯದ್ದು. ನೀನೂ ಅದನ್ನು ನೋಡಿದೆ. ಆದರೆ ನಿನ್ನ ಬಾಯಿ ನಿಲ್ಲಲಿಲ್ಲ.

ಬೇಲಿಯಿರುವ ಚಿತ್ರವನ್ನು ಹತ್ತಿರದಿಂದ ನೋಡಿದೆ. ತಂತಿಯ ನೆರಳು ನಿನ್ನ ತಾಯಿಯ ಸೆರಗಿನ ಮೇಲೆ ಐದು ಗೆರೆ ಎಳೆದಿದೆ. ಆಕೆ ಒಂದು ಕೈಯಲ್ಲಿ ಕಂಬ ಹಿಡಿದಿದ್ದಾರೆ. ಅಳಿಸಿದ ಚಿತ್ರದಲ್ಲಿ ಆ ಕೈ ಗಾಳಿ ಹಿಡಿದ ಹಾಗೆ ಕಾಣುತ್ತಿತ್ತು. ಅದು ನಿನಗೆ ಕಾಣಲಿಲ್ಲವೇ? ಮುಖ ಕಪ್ಪಾಗಿಯೇ ಇರಲಿ ಎಂದು ಬಿಟ್ಟಿದ್ದೀಯ. ಅಷ್ಟು ಶಿಕ್ಷೆ ಬೇಕಿರಲಿಲ್ಲ, ಸ್ವಲ್ಪ ಬೆಳಗಿಸಬಹುದಿತ್ತು.

ಆಮೇಲೆ ನೀನು ನನ್ನ ಹತ್ತಿರ ಬಂದು ನಿಂತೆ. ಹಾನಿ ನಮ್ಮಿಬ್ಬರನ್ನು ನೋಡಿ ಟೀ ತರುತ್ತೇನೆಂದು ಹೋದವಳು ಅರ್ಧ ಗಂಟೆ ಬರಲೇ ಇಲ್ಲ.

ನೀನು ಐದು ಗಂಟೆ ಬಸ್ಸಿಗೆ ಹೊರಟ ಮೇಲೆ ನಡೆದದ್ದು ಹೇಳುತ್ತೇನೆ. ನಿನ್ನನ್ನು ಬಳಗದಿಂದ ತೆಗೆಯಬೇಕೆಂದು ನಾಲ್ಕು ಜನ ಕೇಳಿದರು. ಕಾಡಸಿದ್ದಪ್ಪನವರು, ಹಾಗಾದರೆ ಚಿತ್ರ ತಿದ್ದಿಯೂ ಹೇಳದೇ ಉಳಿದಿರುವವರು ಎಷ್ಟು ಜನ ಕೈಯೆತ್ತಿ ಎಂದರಂತೆ. ಯಾರೂ ಎತ್ತಲಿಲ್ಲ, ನಿನ್ನನ್ನು ತೆಗೆಯುವ ಮಾತು ಅಲ್ಲಿಗೇ ಬಿತ್ತು. ಕಳೆದ ಸ್ಪರ್ಧೆಯ ಮೊದಲ ಬಹುಮಾನ ಯಾರಿಗೂ ಇಲ್ಲವೆಂದಾಯಿತು.

ಹೊಸ ಏಳನೇ ನಿಯಮದ ಕರಡು ಮಾಡಿಕೊಡಿ ಎಂದು ಮತ್ತೆ ನನ್ನನ್ನೇ ಕೇಳಿದರು. ನಾನು ಒಪ್ಪಲಿಲ್ಲ. ನನಗೆ ಅರವತ್ತೊಂಬತ್ತು. ಈ ವರ್ಷದ ಸ್ಪರ್ಧೆಗೂ ನಾನು ಚಿತ್ರ ಕಳಿಸಬೇಕು, ಈ ಸಲ ನೆಟ್ಟಗೆ ಗೆಲ್ಲಬೇಕು. ಸ್ಪರ್ಧಿಸುವವನು ನಿಯಮ ಬರೆಯಬಾರದು. ನಿನ್ನ ಹೆಸರು ಹೇಳಿದ್ದೇನೆ. ಬರೆದರೆ ನೀನು ಒಂದು ವರ್ಷ ಚಿತ್ರ ಕಳಿಸುವ ಹಾಗಿಲ್ಲ, ಯೋಚನೆ ಮಾಡು. ಫಿಲಂನವರಿಗೂ ನೀನೇ ಬರೆ. ಹೇಗೆ ಬರೆದರೂ ನಾನು ಸಹಿ ಹಾಕುತ್ತೇನೆ.

ಮತೀನ್


ತಿರುಮಣಿ
9 ಮಾರ್ಚ್ 2024

ಸಾಹೇಬರಿಗೆ ತಿಪ್ಪೇಶನ ನಮಸ್ಕಾರ.

ಒಪ್ಪಿಕೊಂಡೆ. ಒಂದು ವರ್ಷ ಚಿತ್ರ ಕಳಿಸಲ್ಲ. ಅವ್ವನಿಗೆ ಹೇಳಿದೆ. "ಬರಿ, ನೋಡ್ಕೊಂಡು ಬರಿ" ಅಂದಳು, ಅಷ್ಟೇ. ಆದರೆ ಆವತ್ತಿನಿಂದ ಬೆಳಿಗ್ಗೆ ಹೊಲದ ಕಡೆ ಹೋಗುವಾಗ ನನ್ನನ್ನೂ ಕರೆಯುತ್ತಾಳೆ. ಆರು ವರ್ಷದಲ್ಲಿ ಕ್ಯಾಮೆರಾ ಇಲ್ಲದೆ ನಾನು ಅವಳ ಪಕ್ಕ ಅಲ್ಲಿ ನಿಂತಿರಲಿಲ್ಲ.

ಕರಡು ನಂದೀಶ್ವರಯ್ಯನವರಿಗೆ ಕಳಿಸಿದ್ದೇನೆ, ನಿಮಗೂ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಕ್ಯಾಮೆರಾ ಯಾವುದೇ ಇರಲಿ, ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ತಿದ್ದುಪಡಿಯ ಕಾಲಮ್ಮು ಎರಡೂ ಅರ್ಜಿಯಲ್ಲಿ ಇರಬೇಕು. ತಿದ್ದದ ಪ್ರತಿಯನ್ನೂ ಜೊತೆಗೆ ಕೊಡಬೇಕು. ಇಲ್ಲಿಯವರೆಗೆ ಒಂದೇ ದಿನದಲ್ಲಿ ಬರೆದೆ.

ತಾರೀಕಿನ ಹತ್ತಿರ ಸಿಕ್ಕಿಹಾಕಿಕೊಂಡೆ. ಆ ವರ್ಷ ತೆಗೆದ ಚಿತ್ರವನ್ನೇ ಕಳಿಸಬೇಕು ಅಂತ ಮೂರನೇ ನಿಯಮ ಇದೆಯಲ್ಲ. ನಮ್ಮ ಫೈಲಿನೊಳಗೇ ತಾರೀಕು, ಗಂಟೆ, ನಿಮಿಷ ಎಲ್ಲ ಇರುತ್ತದೆ. ನೆಗೆಟಿವ್‌ನಲ್ಲಿ ಏನೂ ಇರಲ್ಲ. ಇಪ್ಪತ್ತು ವರ್ಷದ ಹಿಂದಿನದನ್ನು ಮೊನ್ನೆ ತೆಗೆದದ್ದು ಅಂದರೂ ಯಾರಿಗೂ ಗೊತ್ತಾಗಲ್ಲ. ನನ್ನ ಜೊತೆಯವರು, ಸಾಕ್ಷಿ ಸಹಿ ಬೇಕು ಅಂತ ಬರಿ ಅಂದರು. ಇನ್ನೊಬ್ಬ, ಫಿಲಂ ರೋಲು ಕೊಂಡ ರಸೀತಿ ಕೇಳು ಅಂದ. ಮೂರು ದಿನ ಬರೆದು ಹೊಡೆದು ಬರೆದು ಹೊಡೆದು ಕೂತೆ.

ಕೊನೆಗೆ ಹೀಗೆ ಬರೆದೆ: 'ಫಿಲಂನಲ್ಲಿ ಚಿತ್ರ ತೆಗೆದವರು ಹೇಳುವ ತಾರೀಕನ್ನು ಬಳಗವು ನಂಬತಕ್ಕದ್ದು.'

ಇದು ಸಮ ಅಲ್ಲ, ನಮಗೆ ಸಾಕ್ಷಿ ಅವರಿಗೆ ಬರೀ ಬಾಯಿಮಾತಾ ಅಂತ ಹುಡುಗರು ರೇಗಿದರು. ಸಮ ಅಲ್ಲ ನಿಜ, ಆದರೂ ಇರಲಿ ಅಂದೆ.

ನಿಮಗೆ ಈ ಸಾಲು ಇಷ್ಟವಾಗದೆ ಹೊಡೆದುಹಾಕಬೇಕು ಅನ್ನಿಸಬಹುದು. ಹಾಗೆ ಮಾಡುವ ಹಾಗಿಲ್ಲ ಸಾಹೇಬರೇ, ಈ ವರ್ಷ ನೀವು ಸ್ಪರ್ಧಿ.

ತಿಪ್ಪೇಶ